ಪಾದ್ರಿ ಕಾಯ್ತಾನ್ ಅವರ ಕಾಲರ್ ಮೈಕ್

ಮೈಕ್ ಕೈಗೆ ಬಂದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅದನ್ನು ಮೂಸುವುದು. ನಗಬೇಡಿ. ಮೀಟರು, ಸೋಲ್ಡರು ಎಲ್ಲ ಆಮೇಲೆ. ಜಾಲರಿಗೆ ಮೂಗು ಹಚ್ಚಿದರೆ ಅರ್ಧ ಕಥೆ ಅಲ್ಲೇ ತಿಳಿಯುತ್ತದೆ. ಫೆನಿಯ ವಾಸನೆ ಇದ್ದರೆ ಅದು ಮದುವೆಯಿಂದ ಬಂದ ಮೈಕ್. ತಂಬಾಕಿನ ಘಾಟು ಇದ್ದರೆ ಚುನಾವಣೆಯ ಸಭೆಯಿಂದ ಬಂದದ್ದು. ತುಟಿಬಣ್ಣ ಹತ್ತಿದ್ದರೆ ಕಲಂಗುಟ್‌ನ ಯಾವುದೋ ಹೋಟೆಲಿನ ಹಾಡುಗಾರ್ತಿಯದು. ಯಾವ ವಾಸನೆಯೂ ಇಲ್ಲದಿದ್ದರೆ ಶಾಲೆಯ ಗ್ಯಾದರಿಂಗಿಗೆ ಹೋಗಿ ಬಂದದ್ದು. ಅಲ್ಲಿ ಯಾರೂ ಅದರ ಹತ್ತಿರ ಬಾಯಿ ತರುವುದೇ ಇಲ್ಲ.

ಈಗ ಈ ಕೆಲಸಕ್ಕೆ ಇಳಿಯುತ್ತಿರುವವರ ಕೈಯಲ್ಲಿ ತಾನೇ ಚಾನೆಲ್ ಹುಡುಕಿಕೊಳ್ಳುವ ಸೆಟ್ಟುಗಳಿವೆ. ಒಳ್ಳೆಯದೇ ಆಯಿತು. ಆದರೆ ಮನುಷ್ಯರ ಎಂಜಲು, ಬೆವರು, ಗೋವಾದ ಉಪ್ಪುಗಾಳಿ ಅಂದಿನಂತೆಯೇ ಇವೆ. ಆದ್ದರಿಂದ ಮೊದಲು ತೊಳೆಯುವುದನ್ನು ಕಲಿಯಿರಿ. ಬ್ಯಾಟರಿ ತೆಗೆದಿಟ್ಟೇ ಕೆಲಸ ಶುರು ಮಾಡಬೇಕು. ಜಾಲರಿ ಬಿಚ್ಚಿ, ಒಳಗಿನ ಸ್ಪಂಜನ್ನು ಸೋಪಿನ ನೀರಿನಲ್ಲಿ ಹಿಂಡಿ ನೆರಳಿನಲ್ಲಿ ಒಣಗಿಸಿ. ಬಿಚ್ಚಲು ಬಾರದ ಜಾಲರಿಯಾದರೆ ಮೈಕನ್ನು ತಲೆಕೆಳಗೆ ಹಿಡಿದು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಕೊಳೆ ಹೊರಗೆ ಬೀಳಬೇಕು, ಒಳಗೆ ಇಳಿಯಬಾರದು. ದನಿ ಹಿಡಿಯುವ ಪೊರೆಯ ಮೇಲೆ ಏನನ್ನೂ ಸಿಂಪಡಿಸಬೇಡಿ. ಬ್ಯಾಟರಿ ತಾಗುವ ತಗಡುಗಳು ಹಸಿರುಗಟ್ಟಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ. ಬಹುಪಾಲು ರೋಗ ಇಷ್ಟಕ್ಕೇ ವಾಸಿಯಾಗುತ್ತದೆ. ಇಷ್ಟಕ್ಕೆ ಬಗ್ಗದ ಒಂದು ರೋಗದ ಕಥೆಯನ್ನೇ ಇಲ್ಲಿ ಬರೆಯಲು ಕುಳಿತಿದ್ದೇನೆ.

ನಮ್ಮಪ್ಪ ಹುಬ್ಬಳ್ಳಿ ಬಿಟ್ಟು ವಾಸ್ಕೋ ಬಂದರಿಗೆ ಹಮಾಲಿ ಕೆಲಸಕ್ಕೆ ಬಂದವರು. ನನ್ನ ಓದು ಏಳನೆಯ ಇಯತ್ತೆಗೆ ನಿಂತಿತು. ಎಂಬತ್ತರ ದಶಕದ ಮೊದಲಿಗೆ ನಾನು ಕಲ್ಲಪ್ಪ ಸಾವ್ಕಾರರ ಸೌಂಡ್ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ಬೆಳಗಾವಿ ಕಡೆಯ ವ್ಯಾಪಾರಿ ಮನೆತನದವರು. ಬಿಳಿ ಟೊಪ್ಪಿಗೆ, ಬಾಯಿ ತುಂಬ ಎಲೆ, ಮಾತು ಖಾರ.

“ಸಾಲಿ ಎಷ್ಟು ಕಲ್ತಿ?” ಎಂದು ಕೇಳಿದರು.

“ಏಳನೇತ್ತ ಆಗೇತ್ರಿ.”

“ಹಾಡು ಕೇಳ್ತಿ?”

“ಭಾಳ ಕೇಳ್ತೇನ್ರಿ.”

“ಹಂಗಾದ್ರ ನಾಳಿಂದ ಬಾ. ಕಿವಿ ಇದ್ರ ಸಾಕು, ಕೈ ನಾ ಕಲಸ್ತೇನಿ.”

ಕಲಿಸಿದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಎಲ್ಲರಂತೆ ಮೈಕಿಗೆ ಫೂ ಎಂದು ಊದಿ, ಬೆರಳಿನಿಂದ ಟಕಟಕ ಬಡಿದೆ. ಸಾವ್ಕಾರರು ಗಲ್ಲಾ ಬಿಟ್ಟು ಎದ್ದು ಬಂದರು. “ಅದೇನ್ ಗುಡಿ ಜಾಗಟಿ ಏನ, ಬಡ್ಯಾಕ? ಮಾತಾಡಾಕ ಮಾಡ್ಯಾರ, ಮಾತಾಡು!” ಅಂದಿನಿಂದ ಇಂದಿನವರೆಗೆ ನಾನು ಮೈಕಿಗೆ ಬಡಿದಿಲ್ಲ. ನನ್ನ ಕೈಕೆಳಗಿನವರಿಗೂ ಬಡಿಯಲು ಬಿಟ್ಟಿಲ್ಲ.

ಮೊದಲು ಕಹಳೆಯಂಥ ಸ್ಪೀಕರು, ಗುಡ್ಡೆಗಟ್ಟಲೆ ತಂತಿ. ತಂತಿ ಸುತ್ತಿ ಸುತ್ತಿಯೇ ನನ್ನ ಹೆಗಲು ಗಟ್ಟಿಯಾಯಿತು. ತೊಂಬತ್ತರ ದಶಕ ಬರುತ್ತಿದ್ದಂತೆ ಗಲ್ಫಿನಿಂದ ರಜೆಗೆ ಬಂದವರ ಪೆಟ್ಟಿಗೆಗಳಲ್ಲಿ ತಂತಿಯಿಲ್ಲದ ಮೈಕುಗಳು ಬರತೊಡಗಿದವು. ಅಂಥ ಮೊದಲ ಸೆಟ್ಟು ನಮ್ಮ ಅಂಗಡಿಗೆ ಬಂದಾಗ ಅಕ್ಕಪಕ್ಕದ ಅಂಗಡಿಯವರೆಲ್ಲ ಬಂದು ಅದನ್ನು ತಿರುಗಿಸಿ ತಿರುಗಿಸಿ ತಂತಿ ಹುಡುಕಿದರು. ಅದರಲ್ಲಿ ಎರಡು ಬಗೆ. ಒಂದು ಕೈಯಲ್ಲಿ ಹಿಡಿಯುವಂಥದು. ಇನ್ನೊಂದು ಕಾಲರ್ ಮೈಕ್: ಗುಂಡಿಯಷ್ಟು ಚಿಕ್ಕ ಮೈಕ್ ಎದೆಯ ಮೇಲೆ, ಅದರಿಂದ ಇಳಿದ ಸಣ್ಣ ದಾರ ಸೊಂಟದ ಡಬ್ಬಿಗೆ, ಡಬ್ಬಿಯ ಇನ್ನೊಂದು ತುದಿಯಿಂದ ಬಾಲದ ಹಾಗೆ ನೇತಾಡುವ ತಂತಿ. ಆ ಬಾಲವೇ ಏರಿಯಲ್. ದನಿಯನ್ನು ಗಾಳಿಯಲ್ಲಿ ಎಸೆಯುವುದು ಅದೇ. ದೂರದಲ್ಲಿ ಕುಳಿತ ರಿಸೀವರ್ ಎಂಬ ಪೆಟ್ಟಿಗೆ ಅದನ್ನು ಹಿಡಿದು ಸ್ಪೀಕರಿಗೆ ಕೊಡುತ್ತದೆ. ಇಷ್ಟು ತಿಳಿದರೆ ಮುಂದಿನದು ತಿಳಿಯುತ್ತದೆ.

ದಾಬೋಲಿಮ್ ವಿಮಾನ ನಿಲ್ದಾಣದ ಹತ್ತಿರದ ಒಂದು ಹಳೆಯ ಚರ್ಚಿಗೆ ಆ ಊರಿನವರೇ ಒಬ್ಬರು ದುಬೈಯಿಂದ ಕಾಲರ್ ಮೈಕ್ ತಂದುಕೊಟ್ಟಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಅಂಗಡಿಯದು. ಅಲ್ಲಿನ ಹಿರಿಯ ಪಾದ್ರಿ ಕಾಯ್ತಾನ್ ಅವರು ಮೊದಲು ಧಾರವಾಡದ ಕಡೆ ಬಹಳ ವರ್ಷ ಸೇವೆ ಮಾಡಿದ್ದವರು. ಚರ್ಚಿನ ಹಿಂದೆ ಗುಡಿಸಲು ಹಾಕಿಕೊಂಡಿದ್ದ ನಮ್ಮ ಕಡೆಯ ಕಟ್ಟಡ ಕೂಲಿಗಳ ಹತ್ತಿರ, ನನ್ನ ಹತ್ತಿರ, ಅಚ್ಚ ಧಾರವಾಡದ ಕನ್ನಡವನ್ನೇ ಆಡುತ್ತಿದ್ದರು. ಒಂದು ಕಾಲದಲ್ಲಿ ಅವರು ಪ್ರವಚನ ಮಾಡಿದರೆ ಮೈಕೇ ಬೇಡವಿತ್ತಂತೆ. ಗಂಟಲಿನ ಆಪರೇಶನ್ ಆದ ಮೇಲೆ ಆ ದನಿ ಹೋಯಿತು. ಎದುರು ಕುಳಿತರೆ ಮಾತ್ರ ಕೇಳಿಸುವಷ್ಟು ಉಳಿಯಿತು. ಆ ಗುಂಡಿಯಷ್ಟು ಮೈಕಿನ ಬಲದಿಂದಲೇ ಅವರು ಭಾನುವಾರಗಳನ್ನು ನಡೆಸುತ್ತಿದ್ದರು.

ಭಾನುವಾರ ಮೈಕ್ ಚೆನ್ನಾಗಿಯೇ ನಡೆಯುತ್ತಿತ್ತು. ಕ್ರಿಸ್ಮಸ್ ದಿನ ಕೈಕೊಟ್ಟಿತು. ಜನ ತುಂಬಿ ನಿಂತಿದ್ದಾರೆ, ಪಾದ್ರಿಗಳ ಬಾಯಿ ಆಡುತ್ತಿದೆ, ಸ್ಪೀಕರಿನಲ್ಲಿ ಹಪ್ಪಳ ಮುರಿದ ಸದ್ದು.

ಮರುದಿನ ಹೋಗಿ ಮೈಕ್ ಮೂಸಿದೆ. ಧೂಪದ ಹೊಗೆ, ಬೆವರು. ತೊಳೆದೆ. ಡಬ್ಬಿ ತೆರೆದರೆ ಒಳಗಿನ ಬ್ಯಾಟರಿ ಮುಟ್ಟಲು ಬೆಚ್ಚಗಿತ್ತು. ಇದೇನು ಎಂದು ತಿರುಗಿದರೆ ಕೊನ್ಸು ಬಾಯಿ ನಿಂತಿದ್ದರು. ಚರ್ಚಿನ ಬಟ್ಟೆಬರೆ, ಮೇಣದಬತ್ತಿ, ಬೀಗದ ಕೈ ಎಲ್ಲ ಈ ಹಿರಿಯ ಹೆಣ್ಣುಮಗಳ ವಶ. ಅವರದು ಕೊಂಕಣಿ, ನನ್ನದು ಕೊಂಕಣಿಯನ್ನೂ ಹಿಂದಿಯನ್ನೂ ಕಲಸಿದ ಮಾತು. ಇಲ್ಲಿ ಎರಡನ್ನೂ ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಬಾಯಿ, ಈ ಬ್ಯಾಟ್ರಿ ಯಾಕ ಬಿಸಿ ಐತಿ?”

“ಬಿಸಲಾಗ ಇಟ್ಟಿದ್ದೆ. ಟಾರ್ಚಿನ ಸೆಲ್ ಬಿಸಲಾಗ ಇಟ್ರ ಮತ್ತ ಹತ್ತೂದಿಲ್ಲೇನು?”

“ಎಷ್ಟ್ ದಿವ್ಸದಿಂದ ಹಿಂಗ ಮಾಡಾಕತ್ತೀರಿ?”

“ಪಾದ್ರಿಗೋಳ ಪೂಜಿಗೆ ಒಂದ ಬ್ಯಾಟ್ರಿ ಸಾಕು ಪುತಾ. ನಿಮ್ಮ ಅಂಗಡ್ಯಾಗ ಮಾರಾಕ ಹತ್ತು ಇರ್ತಾವು.”

ಪುತಾ ಎಂದರೆ ಮಗನೇ. ಬೈಯುವಾಗಲೂ ಅವರು ಆ ಮಾತು ಬಿಡುತ್ತಿರಲಿಲ್ಲ. ನಾನು ಹೊಸ ಬ್ಯಾಟರಿ ಹಾಕಿ, ಎದೆಯುಬ್ಬಿಸಿ ಹೇಳಿದೆ: “ಈಸ್ಟರಿಗೆ ನೋಡ್ರಿ ಬಾಯಿ, ಪಾದ್ರೇರ ದನಿ ವಿಮಾನದಾಗ ಕುಂತವ್ರಿಗೂ ಕೇಳ್ತೈತಿ.”

ಈಸ್ಟರಿಗೂ ಹಪ್ಪಳವೇ ಮುರಿಯಿತು. ಹೊಸ ಬ್ಯಾಟರಿ, ತೊಳೆದ ಮೈಕ್, ಆದರೂ ಹಾಗೆಯೇ. ಅಂದು ಸಹಾಯಕ ಪಾದ್ರಿ, ಎಲ್ಲರೂ ಸಣ್ಣ ಪಾದ್ರಿ ಎನ್ನುತ್ತಿದ್ದ ತರುಣ, ತಂತಿ ಮೈಕಿನ ಮುಂದೆ ನಿಂತು ಉಳಿದ ಪ್ರವಚನ ಮುಗಿಸಿದರು. ಕೊನ್ಸು ಬಾಯಿ ನನ್ನ ಮುಂದೆ ಹಾದುಹೋಗುತ್ತ, “ವಿಮಾನದಾಗ ಕೇಳಿಸ್ತೇನು?” ಎಂದರು. ನನ್ನ ಕಿವಿ ಕೆಂಪಾದವು.

ಪೂಜೆ ಮುಗಿದ ಮೇಲೆ ಪಾದ್ರಿ ಕಾಯ್ತಾನ್ ನನ್ನನ್ನು ಹಿಂದಿನ ಜಗಲಿಗೆ ಕರೆದರು. ಗಂಟಲ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು.

“ಇಮಾಮ್, ಖರೇ ಹೇಳು. ತಪ್ಪು ನನ್ನ ಗಂಟಲಿಂದೋ, ಮಷೀನಿಂದೋ?”

“ಮಷೀನಿಂದ್ರಿ ಪಾದ್ರೇರ.”

“ನೀ ನೋಡಾಕ ಬಂದಿ ಅಂದ್ರ ಎಲ್ಲಾ ಸುದ್ದ ಇರ್ತೈತಿ. ಹಬ್ಬ ಬಂತಂದ್ರ ಕೈ ಕೊಡ್ತೈತಿ. ಮುಂದ ನಮ್ಮ ಚರ್ಚಿನ ಹಬ್ಬ ಐತಿ. ಅವತ್ತೂ ಕೇಳ್ಸಲಿಲ್ಲ ಅಂದ್ರ ನಾ ಪ್ರವಚನ ಬಿಡ್ತೇನಿ. ಮುದುಕ ಪಾದ್ರಿಗೋಳ ಮನಿಗೆ ಹೋಗಿ ಕೂಡ್ತೇನಿ. ಕೇಳಿಸದಂಥಾ ಪಾದ್ರಿ ನಿಂತು ಬರೇ ಬಾಯಿ ಆಡಿಸೋದು ಚಂದ ಕಾಣ್ತೈತೇನು?”

“ಹಂಗ ಅನಬ್ಯಾಡ್ರಿ. ನಾ ಅದನ್ನ ಹಿಡೀತೇನಿ.”

“ನಿನ್ನ ಮ್ಯಾಲ ನಂಬಿಗಿ ಐತಿ. ನನ್ನ ಮ್ಯಾಲೇ ಈಗ ಇಲ್ಲ,” ಎಂದು ನಕ್ಕರು. ಆ ನಗೆಗೂ ದನಿ ಇರಲಿಲ್ಲ.

ಅಲ್ಲಿಂದ ನನಗೆ ಬೇರೆ ಕೆಲಸ ಕೆಲಸವೆನಿಸಲಿಲ್ಲ. ಮೊದಲು ನನ್ನ ಅನುಮಾನ ಹೋದದ್ದು ಅಕ್ಕಪಕ್ಕದ ಯಾರದೋ ಸೆಟ್ಟಿನ ಮೇಲೆ. ಅದಕ್ಕೆ ಕಾರಣವಿತ್ತು. ಅದರ ಹಿಂದಿನ ವರ್ಷ ವಾಸ್ಕೋದಲ್ಲಿ ಒಂದೇ ಓಣಿಯ ಎರಡು ಹಾಲ್‌ಗಳಲ್ಲಿ ಒಂದೇ ಸಂಜೆ ಕ್ರೈಸ್ತರ ಎರಡು ಮದುವೆ. ಇಲ್ಲಿಯ ಮದುವೆಗಳಲ್ಲಿ ಟೋಸ್ಟ್ ಎಂಬುದು ದೊಡ್ಡ ಕಾರ್ಯ. ಮಾತುಬಲ್ಲವರೊಬ್ಬರು ಮದುಮಕ್ಕಳನ್ನು ಹೊಗಳುತ್ತಾರೆ, ಜನರೆಲ್ಲ ಗ್ಲಾಸು ಎತ್ತುತ್ತಾರೆ. ನಮ್ಮ ಹಾಲ್‌ನ ಮಾತುಗಾರ ಗಂಟಲು ಒಣಗಿತೆಂದು ಮೈಕ್ ಬಂದ್ ಮಾಡಿ ಒಂದು ಗುಟುಕು ಕುಡಿದ. ಎರಡೂ ಸೆಟ್ಟುಗಳ ಫ್ರೀಕ್ವೆನ್ಸಿ ಒಂದೇ. ನಮ್ಮ ಮೈಕ್ ಬಾಯಿ ಮುಚ್ಚಿದ್ದೇ ತಡ, ನಮ್ಮ ರಿಸೀವರ್ ಆಚೆ ಹಾಲ್‌ನ ಮೈಕನ್ನು ಹಿಡಿಯಿತು. ಸ್ಪೀಕರಿನಲ್ಲಿ ಗಟ್ಟಿಯಾಗಿ ಬಂತು: “ನಮ್ಮ ಪ್ರೀತಿಯ ಲೂರ್ಡಿನಾಗೆ!” ನಮ್ಮ ಜನ ಗ್ಲಾಸು ಎತ್ತಿ ಕುಡಿದೇಬಿಟ್ಟರು. ನಮ್ಮ ಮದುಮಗಳ ಹೆಸರು ಫಿಲೊಮೆನಾ. ಅವಳು ಗಂಡನ ಕಡೆ ತಿರುಗಿ ಕೇಳಿದಳು: “ಯಾರವಳು?”

ಆ ಮದುಮಗನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಸಾವ್ಕಾರರಿಗೆ ಸುದ್ದಿ ಮುಟ್ಟಿದಾಗ, “ಇಮಾಮ್ಯಾ, ಒಂದ ಬಾಡಗ್ಯಾಗ ಎರಡ ಲಗ್ನ ಮುಗಿಸಿದ್ಯಲ್ಲೋ!” ಎಂದು ಗಲ್ಲಾದ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ ಕಟ್ಟಳೆ ಹಾಕಿದರು: ಮಾತುಗಾರ ಮೈಕ್ ಬಂದ್ ಮಾಡುವ ಮೊದಲೇ ನಮ್ಮ ಕೈ ದನಿ ಏರಿಸಿ ಇಳಿಸುವ ಮಿಕ್ಸರಿನ ಗುಂಡಿಯನ್ನು ಕೆಳಗಿಳಿಸಿರಬೇಕು. ಮಾತು ಮುಗಿಯಿತು, ಗುಂಡಿ ಕೆಳಗೆ. ನೀವೂ ಇದನ್ನು ನೆನಪಿಡಿ. ವಾಸ್ಕೋದ ಸೌಂಡಿನವರೆಲ್ಲ ಸೇರಿ, ಯಾವುದು ಯಾವ ಫ್ರೀಕ್ವೆನ್ಸಿ ಎಂದು ತಿಳಿಯಲು ತಮ್ಮ ತಮ್ಮ ಸೆಟ್ಟಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತುವ ಪದ್ಧತಿ ಬಂದದ್ದೂ ಲೂರ್ಡಿನಾಳ ದಯೆಯಿಂದಲೇ.

ಹಾಗಾಗಿ ಚರ್ಚಿನ ಸುತ್ತ ಸ್ಕೂಟರಿನಲ್ಲಿ ತಿರುಗಿ, ಯಾರ ಬಳಿ ಯಾವ ಸೆಟ್ಟಿದೆ ಎಂದು ವಿಚಾರಿಸಿದೆ. ಎಲ್ಲೂ ಇರಲಿಲ್ಲ. ಹಬ್ಬಕ್ಕೆ ಹಾಕುವ ಸರಮಾಲೆ ದೀಪಗಳ ಮೇಲೆ ಸಣ್ಣ ಪಾದ್ರಿಗಳಿಗೆ ಅನುಮಾನವಿತ್ತು. ಯೋಗ್ಯ ಅನುಮಾನವೇ, ಅಂಥ ದೀಪಗಳು ಎಷ್ಟೋ ಕಡೆ ಗುರ್ ಎನ್ನಿಸುತ್ತವೆ. ಅವನ್ನೆಲ್ಲ ಒಮ್ಮೆಗೇ ಹಚ್ಚಿ ನೋಡಿದೆವು. ಪಾದ್ರಿ ಕಾಯ್ತಾನ್ ತಮ್ಮ ಬಿಳಿ ನಿಲುವಂಗಿಯಲ್ಲಿ ಮೈಕ್ ಸಿಕ್ಕಿಸಿಕೊಂಡು ಚರ್ಚಿನ ಮೂಲೆಮೂಲೆಗೆ ನಡೆದರು. ದನಿ ಗಂಟೆಯ ಹಾಗೆ ಬಂತು.

ಸಾವ್ಕಾರರ ಮುಂದೆ ಕುಳಿತು ಎಲ್ಲ ಹೇಳಿದೆ. ಅವರು ಎಲೆ ಅಗಿಯುವುದನ್ನು ನಿಲ್ಲಿಸಿ ಒಂದೇ ಮಾತು ಹೇಳಿದರು: “ಮಷೀನ್ ನೋಡೂದು ಸಾಕು. ಹಬ್ಬ ನೋಡು. ಅವತ್ತು ಏನ್ ಬ್ಯಾರೆ ಆಕ್ಕೈತಿ, ಅದನ್ನ ಹಿಡಿ.”

ಹಬ್ಬದ ಮುನ್ನಾದಿನ ಮಧ್ಯಾಹ್ನ ಅಂಗಳದಲ್ಲಿ ಸ್ಪೀಕರ್ ಕಟ್ಟಲು ಹೋದೆ. ಹಿಂದಿನ ಜಗಲಿಯಲ್ಲಿ ಕೊನ್ಸು ಬಾಯಿ ದೊಡ್ಡ ಮರದ ಪೆಟ್ಟಿಗೆ ತೆರೆದಿದ್ದರು. ಲವಂಗದ ವಾಸನೆ ಅಂಗಳದವರೆಗೆ ಬರುತ್ತಿತ್ತು.

“ಮೈಕಿನವಾ, ಕೈ ತೊಳಕೊಂಡು ಬಾ. ಇದನ್ನ ಎತ್ತಾಕ ನನಗ ರಟ್ಟ್ಯಾಗ ಬಲ ಇಲ್ಲ.”

ತೊಳೆದುಕೊಂಡು ಹೋದೆ. ಅದು ದೊಡ್ಡ ಹಬ್ಬಗಳಲ್ಲಿ ಮಾತ್ರ ಪಾದ್ರಿಗಳು ಬಿಳಿ ಅಂಗಿಯ ಮೇಲೆ ಹೊದೆಯುವ ಮೇಲುವಸ್ತ್ರ. ಪೋರ್ತುಗೀಜರ ಕಾಲದ್ದು. ಎದೆ ಬೆನ್ನುಗಳ ತುಂಬ ಬಳ್ಳಿ, ಹೂವು, ಎಲ್ಲ ಚಿನ್ನದ ಬಣ್ಣದ ಜರಿ. ಎರಡೂ ತೋಳಿನ ಮೇಲೆ ಹೊತ್ತು ಎತ್ತಿದೆ. ತೂಕಕ್ಕೆ ಬೆರಗಾದೆ. ಬೆರಳು ಜರಿಯ ಮೇಲೆ ಸರಿಯಿತು. ತಣ್ಣಗೆ, ಒರಟಾಗಿ, ಚಿರಪರಿಚಿತವಾಗಿ ತಾಗಿತು. ಇದನ್ನು ನಾನು ಎಲ್ಲೋ ಮುಟ್ಟಿದ್ದೇನೆ.

ಎಲ್ಲೋ ಏನು, ದಿನವೂ ಮುಟ್ಟುತ್ತಿದ್ದೆ. ಮೈಕಿನ ತಂತಿಯ ರಬ್ಬರ್ ಸುಲಿದರೆ ಒಳಗೆ ಲೋಹದ ಎಳೆಗಳನ್ನು ಹೆಣೆದ ಜಾಲರಿ ಇರುತ್ತದೆ. ಹೊರಗಿನ ಗದ್ದಲ ಒಳಗೆ ನುಗ್ಗದಂತೆ ತಡೆಯುವ ಕವಚ ಅದು. ನನ್ನ ತೋಳಿನ ಮೇಲಿದ್ದ ಜರಿಯೂ ಲೋಹದ ಎಳೆಯೇ, ಅಂಥದೇ ಕವಚ. ನಮ್ಮ ಏರಿಯಲ್ ಬಾಲ ಅದರ ಒಳಗೆ, ಪಾದ್ರಿಗಳ ಸೊಂಟಕ್ಕೆ ಸುತ್ತಿಕೊಂಡು ಕುಳಿತಿರುತ್ತಿತ್ತು. ದನಿ ಹೊರಗೆ ಬರುವುದಾದರೂ ಎಲ್ಲಿಂದ?

“ಬಾಯಿ, ಪಾದ್ರೇರಿಗೆ ಇದನ್ನ ಈಗ ಒಮ್ಮಿ ಹಾಕ್ಸಿ ನೋಡಬೇಕು,” ಎಂದೆ.

ಅವರ ಮುಖ ಬಿಗಿಯಿತು. “ನಾಕಾ! ಬ್ಯಾಡಂದ್ರ ಬ್ಯಾಡ. ಇದು ಪೂಜಿಗೆ ಬಿಟ್ರ ಮೈಮ್ಯಾಲ ಏರೂದಿಲ್ಲ. ನನ್ನ ಅವ್ವನ ಕಾಲದಿಂದ ಏರಿಲ್ಲ. ನಿನ್ನ ಡಬ್ಬಿ ಸಂಬಂಧ ಏರಸ್ಲೇನು?”

“ಡಬ್ಬಿ ಸಂಬಂಧ ಅಲ್ರಿ. ನಾಳೆ ಕೇಳ್ಸಲಿಲ್ಲ ಅಂದ್ರ ಪಾದ್ರೇರು ಪ್ರವಚನ ಬಿಡ್ತೇನಿ ಅಂದಾರ. ನಿಮಗ ಹೇಳಿಲ್ಲೇನು?”

ಹೇಳಿರಲಿಲ್ಲ. ಅವರು ಪೆಟ್ಟಿಗೆಯ ಅಂಚಿಗೆ ಕುಳಿತುಬಿಟ್ಟರು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. ಆಮೇಲೆ ಎದ್ದು, “ಮೈಮ್ಯಾಲ ಏರಸೂದಿಲ್ಲ,” ಎಂದರು. “ಮೇಜಿನ ಮ್ಯಾಲ ಹಾಸ್ತೇನಿ. ಬೇಕಿದ್ರ ನಿನ್ನ ಡಬ್ಬಿ ಅದರ ಕೆಳಗ ಇಡು.”

ನನಗೆ ಅಷ್ಟೇ ಸಾಕಿತ್ತು. ಡಬ್ಬಿಯನ್ನೂ ಬಾಲವನ್ನೂ ಮೇಜಿನ ಮೇಲೆ ಇಟ್ಟು, ಗುಂಡಿ ಮೈಕನ್ನು ಹೊರಗೆಳೆದು ಒಂದು ಟ್ರಾನ್ಸಿಸ್ಟರ್ ರೇಡಿಯೋದ ಮುಂದೆ ಇಟ್ಟೆ. ಸಣ್ಣ ಪಾದ್ರಿಗಳು ಚರ್ಚಿನೊಳಗೆ ಸ್ಪೀಕರಿನ ಹತ್ತಿರ ನಿಂತರು. ಕೊನ್ಸು ಬಾಯಿ ಮೇಲುವಸ್ತ್ರವನ್ನು ಹಾಸಿದರು.

“ಗೆಲೆಂ!” ಎಂದು ಒಳಗಿನಿಂದ ಕೂಗು. ಹೋಯಿತು.

ಕೊನ್ಸು ಬಾಯಿ ಅದನ್ನು ಎತ್ತಿದರು.

“ಆಯ್ಲೆಂ!” ಬಂತು.

ಹಾಸಿದರು. “ಗೆಲೆಂ!” ಎತ್ತಿದರು. “ಆಯ್ಲೆಂ!” ಹಾಸಿ ಎತ್ತಿ, ಎತ್ತಿ ಹಾಸಿ, ಕಡೆಗೆ ಅವರೇ ನನಗಿಂತ ಹೆಚ್ಚು ಉಮೇದಿನಲ್ಲಿದ್ದರು. ಸದ್ದು ಕೇಳಿ ಪಾದ್ರಿ ಕಾಯ್ತಾನ್ ಬಂದು ಬಾಗಿಲಲ್ಲಿ ನಿಂತರು. ಮೇಜಿನ ಮೇಲಿನ ಜರಿಯನ್ನು, ನನ್ನನ್ನು, ಮತ್ತೆ ಜರಿಯನ್ನು ನೋಡಿದರು.

“ಹಂಗಾದ್ರ ನನ್ನ ಗಂಟಲಲ್ಲ?”

“ಅಲ್ರಿ ಪಾದ್ರೇರ. ನಿಮ್ಮ ಬಂಗಾರ.”

ಅವರು ಬಾಗಿಲ ಚೌಕಟ್ಟಿಗೆ ಒರಗಿಕೊಂಡು ಕಣ್ಣು ಮುಚ್ಚಿದರು.

ರೋಗ ಸಿಕ್ಕ ಮೇಲೆ ಮದ್ದು ಕಷ್ಟವಲ್ಲ. ಆದರೆ ಆ ಮದ್ದು ನನ್ನ ಕೈಯದಲ್ಲ, ಕೊನ್ಸು ಬಾಯಿಯ ಸೂಜಿಯದು. ಮೇಲುವಸ್ತ್ರ ಮೊಣಕಾಲಿಗೆ ಮುಗಿಯುತ್ತದೆ. ಒಳಗಿನ ಬಿಳಿ ಅಂಗಿ ಹಿಮ್ಮಡಿಯವರೆಗೆ ಇಳಿಯುತ್ತದೆ. ಡಬ್ಬಿಯನ್ನು ಸೊಂಟದಿಂದ ತೊಡೆಗೆ ಇಳಿಸಿ, ಬಾಲ ನೆಟ್ಟಗೆ ಮೊಣಕಾಲ ಕೆಳಗೆ ಜೋತುಬೀಳುವಂತೆ ಮಾಡಿದರೆ ಅಲ್ಲಿ ಬರೀ ತೆಳು ನೂಲಿನ ಬಟ್ಟೆ, ಜರಿ ಇಲ್ಲ. ಕೊನ್ಸು ಬಾಯಿ ಬಿಳಿ ಅಂಗಿಯ ಒಳಗಡೆ ಒಂದು ಕಿಸೆ ಹೊಲಿದರು, ಬಾಲ ಹಿಡಿದುಕೊಳ್ಳಲು ದಾರದ ಎರಡು ಕುಣಿಕೆ ಹಾಕಿದರು. ಹೊಲಿಯುತ್ತ ಹೊಲಿಯುತ್ತ ನನಗೆ ಹೇಳಿದರು: “ಮೊದ್ಲ ಬಂದು ಕೇಳಿದ್ರ ಆಗ್ತಿದ್ದಿಲ್ಲೇನು, ಹಬ್ಬಕ್ಕ ಏನ್ ಹಾಕ್ಕೋತಾರ ಅಂತ?”

ಕೇಳಬೇಕಿತ್ತು. ಮೈಕ್ ಯಾರು ಹಾಕುತ್ತಾರೋ ಅವರ ಮೇಲೆ, ಅಂದು ಏನು ಉಡುತ್ತಾರೋ ಅದರೊಳಗೇ ಪರೀಕ್ಷೆ ಆಗಬೇಕು. ಮದುಮಗಳ ಕಾಂಜೀವರಂ ಸೀರೆ, ನಾಟಕದ ರಾಜನ ಎದೆಕವಚ, ಪೊಲೀಸ್ ಬ್ಯಾಂಡಿನವರ ಪದಕ, ಎಲ್ಲವನ್ನೂ ನಾನು ಆಮೇಲೆ ಕೇಳಿಯೇ ಮೈಕ್ ಕಟ್ಟಿದೆ. ಒಮ್ಮೆಯೂ ಕೈಕೊಡಲಿಲ್ಲ.

ಹಬ್ಬದ ದಿನ ಚರ್ಚು ತುಂಬಿ ಅಂಗಳಕ್ಕೂ ಜನ ಚೆಲ್ಲಿದ್ದರು. ಹಿಂದಿನ ಗೋಡೆಯ ಮೇಲೆ, ಹೂಮಾಲೆ ಮಾರುವವರ ಪಕ್ಕದಲ್ಲಿ, ನಮ್ಮ ಕೂಲಿ ಜನ ಸಾಲಾಗಿ ಕುಳಿತಿದ್ದರು. ನಾನು ಪಕ್ಕದ ಬಾಗಿಲಲ್ಲಿ ಮಿಕ್ಸರಿನ ಮುಂದೆ ಇದ್ದೆ. ಕೊನ್ಸು ಬಾಯಿ ನನ್ನ ಹಿಂದೆ ಜಪಮಾಲೆ ಹಿಡಿದು ನಿಂತಿದ್ದರು. ಪಾದ್ರಿ ಕಾಯ್ತಾನ್ ಚಿನ್ನದ ಬಳ್ಳಿಗಳನ್ನು ಹೊತ್ತು ಪೀಠಕ್ಕೆ ಬಂದರು. ತುಟಿ ತೆರೆದರು. ನಾನು ಗುಂಡಿ ಮೇಲೇರಿಸಿದೆ.

ದನಿ ಬಂತು. ಅವರು ಎದುರು ಕುಳಿತವರ ಹತ್ತಿರ ಮಾತಾಡುವ ಹಾಗೆಯೇ, ಒಂದಿಷ್ಟೂ ಏರಿಸದೆ ಮಾತಾಡಿದರು. ಆ ಸಣ್ಣ ದನಿ ಕಂಬ ಸುತ್ತಿ, ಕಿಟಕಿ ದಾಟಿ, ಅಂಗಳದ ಮಾವಿನ ಮರದವರೆಗೆ ಹೋಯಿತು. ಕೆಮ್ಮುವವರೂ ಕೆಮ್ಮು ತಡೆದುಕೊಂಡರು. ಹಿಂದೆ ಜಪಮಾಲೆಯ ಮಣಿ ಸರಿಯುವ ಸದ್ದು ನಿಂತಿತ್ತು.

ಪೂಜೆ ಮುಗಿಯಿತು. ಪಾದ್ರಿಗಳು ಒಳಕೋಣೆಗೆ ನಡೆದರು. ಮಾತು ಮುಗಿಯಿತು, ಗುಂಡಿ ಕೆಳಗೆ: ನನ್ನ ಕೈ ಎಂದೂ ಮರೆಯದ ಕಟ್ಟಳೆ ಅದು. ಅಂದು ಮರೆಯಿತು. ನಾನು ಇನ್ನೂ ಆ ದನಿಯನ್ನೇ ಕೇಳುತ್ತ ಕುಳಿತಿದ್ದೆ. ಒಳಕೋಣೆಯಿಂದ, ಎಲ್ಲ ಸ್ಪೀಕರುಗಳಲ್ಲಿ, ಇಡೀ ಅಂಗಳಕ್ಕೆ ಕೇಳುವಂತೆ, ಅಚ್ಚ ಧಾರವಾಡದ ಮಾತು ಬಂತು:

“ಇಮಾಮ್, ಎಲ್ಲಿದೀಪಾ? ಖರೇ ಹೇಳು, ಹಿಂದ ಕುಂತವ್ರಿಗೂ ಕೇಳಿಸ್ತೇನು?”

ಕನ್ನಡ ಬಾರದ ಊರವರು ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಗೋಡೆಯ ಮೇಲೆ ಕುಳಿತಿದ್ದ ನಮ್ಮ ಜನ ಮಾತ್ರ ಒಮ್ಮೆಲೇ ಎದ್ದು ನಿಂತು ಕೂಗಿದರು:

“ಕೇಳಿಸ್ತ್ರೀ, ಪಾದ್ರೇರಾ!”

ಆಮೇಲೆ ನಾನು ಗುಂಡಿ ಇಳಿಸಿದೆ.